ಬೆಳಗಾವಿಯ ಓಟಗಾರ ಪಡೆಪ್ಪ ಚೌಗುಲೆ

ಓಟ ಅಂದ ಕೂಡಲೇ ನಾವೆಲ್ಲ ಮಿಲ್ಖಾ ಸಿಂಗ್, ಪಿ.ಟಿ. ಉಷಾ ಅಂತ ಹೇಳುತ್ತೇವೆ. ಅವರಿಗಿಂತ ಎಷ್ಟೋ ವರ್ಷ ಮೊದಲೇ ನಮ್ಮ ಕಡೆಯವರೊಬ್ಬರು ಒಲಿಂಪಿಕ್ಸದಾಗ ಓಡಿದ್ದರು. ಅವರೇ ಬೆಳಗಾವಿಯ ಪಡೆಪ್ಪ ದರೆಪ್ಪ ಚೌಗುಲೆ. ಈ ಸಲದ ಗೋಡೆ ಪತ್ರಿಕೆಗೆ ನಾನು ಅವರ ಸಂಗತಿ ಬರೆದಿದ್ದೇನೆ.

ಆಗ ಬ್ರಿಟಿಷರ ಆಳ್ವಿಕೆ ಇತ್ತು. ಬೆಳಗಾವಿ, ನಮ್ಮ ವಿಜಯಪುರ, ಪುಣೆ ಎಲ್ಲಾ ಮುಂಬಯಿ ಪ್ರಾಂತದಾಗ ಇದ್ದವು. ಪುಣೆಯ ಡೆಕ್ಕನ್ ಜಿಮಖಾನಾ ಎಂಬ ಸಂಸ್ಥೆಯವರು ಸುಮಾರು 25 ಮೈಲಿನ ಓಟ ಇಡುತ್ತಿದ್ದರು. ಓಡುವವರಲ್ಲಿ ಬಹಳ ಮಂದಿ ಹೊಲದಾಗ ದುಡಿಯುವ ಹುಡುಗರು. ಕಾಲಾಗ ಬೂಟು ಇಲ್ಲ, ಓಟದ ರೀತಿ ಕಲಿಸುವವರೂ ಇಲ್ಲ. ದೊರಾಬ್ಜಿ ಟಾಟಾ ಅವರು ಈ ಬರಿಗಾಲ ಓಟ ನೋಡಿದರು. ಇವರು ಯುರೋಪದ ಓಟಗಾರರಿಗೆ ಬಹಳ ಕಡಿಮೆ ಇಲ್ಲ ಅಂತ ಅವರಿಗೆ ಅನಿಸಿತು. ಅವರು ಮುಂದಾಗಿ ರೊಕ್ಕ ಕೊಟ್ಟರು. ಹೀಗೆ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸಕ್ಕೆ ಭಾರತದಿಂದ ಒಂದು ಸಣ್ಣ ತಂಡ ಹೋಯಿತು. ತಂಡ ಅಂತ ಹೋದದ್ದು ಅದೇ ಮೊದಲು. ಅದರಲ್ಲಿ ಚೌಗುಲೆಯವರು ಇದ್ದರು.

1920ರ ಆಗಸ್ಟ್ 22ರಂದು ಮ್ಯಾರಥಾನ್ ಓಟ. ಮಳೆ ಜಿನುಗುತ್ತಿತ್ತು, ಥಂಡಿ ಇತ್ತು. ಈಗ ಮ್ಯಾರಥಾನ್ ಅಂದರೆ 42,195 ಮೀಟರು. ಅವತ್ತು ಇನ್ನೂ ಹೆಚ್ಚು, 42,750 ಮೀಟರು. ಫಿನ್‌ಲೆಂಡದ ಹಾನೆಸ್ ಕೋಲೆಮೈನೆನ್ ಮೊದಲು ಬಂದರು. ಅವರು ಗೌಂಡಿ ಕೆಲಸ ಮಾಡಿದವರು. 1912ರ ಒಲಿಂಪಿಕ್ಸದಾಗಲೇ ಮೂರು ಬಂಗಾರದ ಪದಕ ಗೆದ್ದಿದ್ದರು. ಮೂರನೆಯವರಾಗಿ ಬಂದ ಇಟಲಿಯ ಆರ್ರಿ ಅಷ್ಟು ದೂರ ಓಡಿದ ಮೇಲೂ ಮೂರು ಲಾಗ ಹಾಕಿದರಂತೆ! ನಮ್ಮ ಚೌಗುಲೆಯವರು 19ನೆಯವರಾಗಿ ಮುಟ್ಟಿದರು.

19 ಅಂದರೆ ಏನು ದೊಡ್ಡದು ಅಂತ ನೀವು ಕೇಳಬಹುದು. ಅದಕ್ಕ ನಾನು ಲೆಕ್ಕ ಮಾಡಿ ನೋಡಿದೆ. ಕೋಲೆಮೈನೆನ್ ಅವರಿಗೆ 2 ತಾಸು 32 ನಿಮಿಷ 35 ಸೆಕೆಂಡು ಹಿಡಿಯಿತು. ಚೌಗುಲೆಯವರಿಗೆ 2 ತಾಸು 50 ನಿಮಿಷ 45 ಸೆಕೆಂಡು. ನಮ್ಮ ಮೈದಾನದಾಗ 200 ಮೀಟರಿನ ಸುತ್ತು ಹಾಕಿದರೆ ಆ ಓಟಕ್ಕೆ 213 ಸುತ್ತು ಆಗಿ ಮೇಲೆ 150 ಮೀಟರು ಉಳಿಯುತ್ತದೆ. ಸರಾಸರಿ ತೆಗೆದರೆ ಕೋಲೆಮೈನೆನ್ ಅವರದು ಒಂದು ಸುತ್ತಿಗೆ 43 ಸೆಕೆಂಡು, ಚೌಗುಲೆಯವರದು 48 ಸೆಕೆಂಡು. ಫರಕು ಐದೇ ಸೆಕೆಂಡು!

48 ಸೆಕೆಂಡಿನಾಗ ಒಂದು ಸುತ್ತು ನಾವೂ ಓಡುತ್ತೇವೆ. ಮೊನ್ನೆ ನಾವು ನಾಲ್ಕು ಮಂದಿ ಗಡಿಯಾರ ಇಟ್ಟು ಓಡಿದೆವು. ನಾವು ಓಡುವ ರೀತಿ ನಿಮಗೆ ಗೊತ್ತೇ ಐತಿ. ಸೀಟಿ ಊದಿದ ಕೂಡಲೇ ನಾಯಿ ಬೆನ್ನು ಹತ್ತಿದಂಗ ಓಡುವುದು. ಮೊದಲನೇ ಸುತ್ತು 40 ಸೆಕೆಂಡಿಗೆ ಮುಗಿಯಿತು. ಐದನೇ ಸುತ್ತಿಗೆ ಒಂದು ನಿಮಿಷ ದಾಟಿತು, ಇಬ್ಬರು ಹೊಟ್ಟೆ ಹಿಡಕೊಂಡು ಕುಂತರು. ದೂರ ಓಡುವವರ ರೀತಿ ಬೇರೆ. ಅವರು ಉಸಿರು ಉಳಿಸಿಕೊಂಡು, ಎಲ್ಲಾ ಸುತ್ತಿಗೂ ಹೆಚ್ಚುಕಡಿಮೆ ಒಂದೇ ವೇಗ ಇಡುತ್ತಾರೆ. ಹಾಂಗ ಓಡಲಿಕ್ಕೆ ಕಾಲಾಗ ಶಕ್ತಿ ಇದ್ದರಷ್ಟೇ ಸಾಲದು, ರೂಢಿ ಬೇಕು.

ನಮ್ಮ ವರ್ಗದಾಗ ಇಬ್ಬರು ಬೂಟು ಇಲ್ಲ ಅಂತ ತಾಲೂಕಾ ಓಟಕ್ಕೆ ಹೆಸರು ಕೊಟ್ಟಿಲ್ಲ. ಡೋಣಿ ದಂಡೆಯ ಎರಿ ಹೊಲದಾಗ ಅವರು ಓಡಿದರೆ ನಾವು ಯಾರೂ ಹಿಡಿಯಲಿಕ್ಕೆ ಆಗುವುದಿಲ್ಲ. ದೊರಾಬ್ಜಿ ಟಾಟಾ ಅವರು ಬರಿಗಾಲ ಹುಡುಗರನ್ನು ನೋಡಿ ಬೂಟು ಎಲ್ಲಿ ಅಂತ ಕೇಳಿದ್ದರೆ ಆ ತಂಡ ಹೋಗುತ್ತಲೇ ಇರಲಿಲ್ಲ. ಆದ್ದರಿಂದ ಗೆಳೆಯರೇ, ಶನಿವಾರದೊಳಗೆ ಹೆಸರು ಕೊಡಿರಿ. ಗುರುಗಳಲ್ಲಿ ನನ್ನದೊಂದು ವಿನಂತಿ. ದಿನಾ ಸಂಜೆ ಗಡಿಯಾರ ಹಿಡಿದು ನಮ್ಮ ಒಂದೊಂದು ಸುತ್ತಿಗೆ ಎಷ್ಟು ಸೆಕೆಂಡು ಆಯಿತು ಅಂತ ಬರೆದುಕೊಡಿರಿ. ಆ ಐದು ಸೆಕೆಂಡು ಎಲ್ಲಿ ಹೋಗುತ್ತವೆ ಅಂತ ನಮಗೂ ತಿಳಿಯಲಿ.

ಏಳನೆಯ ವರ್ಗ, ಸಾರವಾಡ