ಗಿಟಾರ್ ನುಡಿಸಲು ಬಾರದ ಗಿಟಾರ್ ತಯಾರಕ

ಎಲೆಕ್ಟ್ರಿಕ್ ಬೇಸ್ ಗಿಟಾರ್ ಎಂದೊಡನೆ ಸಂಗೀತಗಾರರ ನೆನಪಿಗೆ ಬರುವ ಮೊದಲ ಹೆಸರು ಲಿಯೋ ಫೆಂಡರ್ ಅವರದು. ಆದರೆ ಅಮೆರಿಕದ ಈ ತಂತ್ರಜ್ಞರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ವಾದ್ಯದ ಗುಣಮಟ್ಟವನ್ನು ಅವರು ಅಳೆದದ್ದು ರಿಪೇರಿಗಾರನ ಕಣ್ಣಿನಿಂದ ಮತ್ತು ಅದನ್ನು ನುಡಿಸುವವರ ಕೈಗಳಿಂದ. ಬೇಸ್ ಗಿಟಾರ್ ಕೊಳ್ಳಹೊರಟವರು ಗಮನಿಸಬೇಕಾದ ಬಹುತೇಕ ಸಂಗತಿಗಳು ಅವರ ಜೀವನಕಥೆಯೊಳಗೇ ಅಡಗಿವೆ.

ಫೆಂಡರ್ 1909ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಾರರ ಮನೆಯಲ್ಲಿ ಜನಿಸಿದರು. ಬಾಲ್ಯದಲ್ಲೇ ಒಂದು ಕಣ್ಣನ್ನು ಕಳೆದುಕೊಂಡರು. ರೇಡಿಯೊ ಗೀಳು ಅಂಟಿಕೊಂಡಿತ್ತಾದರೂ ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ ಶಾಸ್ತ್ರ. ಆರ್ಥಿಕ ಮಹಾಕುಸಿತದ ದಶಕದಲ್ಲಿ ಲೆಕ್ಕಿಗನ ನೌಕರಿ ಕೈತಪ್ಪಿದಾಗ, 1938ರಲ್ಲಿ 600 ಡಾಲರ್ ಸಾಲ ತಂದು ಫುಲ್ಲರ್ಟನ್ ಪಟ್ಟಣದಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಸ್ಥಳೀಯ ವಾದ್ಯಗಾರರು ಕೆಟ್ಟುಹೋದ ಆಂಪ್ಲಿಫೈಯರ್‌ಗಳನ್ನು ಹೊತ್ತು ಅಲ್ಲಿಗೆ ಬರತೊಡಗಿದರು. ಯಾವ ಭಾಗ ಮೊದಲು ಕೈಕೊಡುತ್ತದೆ, ಯಾವುದನ್ನು ಬಿಚ್ಚುವುದು ಕಷ್ಟ ಎಂಬ ಅರಿವು ಆ ಅಂಗಡಿಯ ಮೇಜಿನ ಮೇಲೆ ಬೆಳೆಯಿತು. 1946ರ ವೇಳೆಗೆ ಅವರದೇ ಹೆಸರಿನ ವಾದ್ಯ ಕಂಪನಿ ತಲೆಯೆತ್ತಿತು.

ಅಂದಿನ ವಾದ್ಯವೃಂದಗಳಲ್ಲಿ ತಗ್ಗು ಸ್ವರಗಳ ಹೊಣೆ ಆಳೆತ್ತರದ ಡಬಲ್ ಬೇಸ್‌ನದಾಗಿತ್ತು. ಅದನ್ನು ಸಾಗಿಸುವುದೇ ಒಂದು ಪ್ರಯಾಸ. ಡ್ರಮ್‌ಗಳ ಅಬ್ಬರದಲ್ಲಿ ಅದರ ದನಿ ಮುಳುಗುತ್ತಿತ್ತು. ಫ್ರೆಟ್‌ಗಳಿಲ್ಲದ ಕಾರಣ ಬೆರಳು ಕೊಂಚ ಸರಿದರೂ ಸ್ವರ ಅಪಸ್ವರವಾಗುತ್ತಿತ್ತು. 1951ರಲ್ಲಿ ಫೆಂಡರ್ ಹೊರತಂದ ವಾದ್ಯದ ಕುತ್ತಿಗೆಯ ಮೇಲೆ ವೀಣೆಯ ಮೆಟ್ಟಿಲುಗಳಂತೆ 20 ಫ್ರೆಟ್‌ಗಳಿದ್ದವು. ಸ್ವರಸ್ಥಾನ ನಿಖರವಾಗಿರುತ್ತದೆ ಎಂಬ ಕಾರಣಕ್ಕೇ ಅದಕ್ಕೆ ಪ್ರಿಸಿಷನ್ ಬೇಸ್ ಎಂಬ ಹೆಸರು ಬಂತು. ಇಂಥ ವಾದ್ಯವನ್ನು ಮೊದಲು ಮಾಡಿದವರು ಅವರೇ ಎನ್ನುವುದು ಮಾತ್ರ ಸರಿಯಲ್ಲ. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಆ ಪ್ರಯತ್ನ ಮಾಡಿದ್ದರು. ಅದನ್ನು ಕಾರ್ಖಾನೆಯ ಉತ್ಪನ್ನವಾಗಿ ವಾದ್ಯಗಾರರ ಕೈಗೆ ವ್ಯಾಪಕವಾಗಿ ತಲುಪಿಸಿದ ಶ್ರೇಯಸ್ಸು ಫೆಂಡರ್‌ಗೆ ಸಲ್ಲುತ್ತದೆ.

ಸಾಂಪ್ರದಾಯಿಕ ತಯಾರಕರು ಕುತ್ತಿಗೆಯನ್ನು ಅಂಟಿನಿಂದ ಕೂಡಿಸುತ್ತಿದ್ದರೆ, ಫೆಂಡರ್ ಮೇಪಲ್ ಮರದ ಕುತ್ತಿಗೆಯನ್ನು ಆ್ಯಶ್ ಮರದ ಒಡಲಿನ ಗುಳಿಯೊಳಗೆ ಕೂರಿಸಿ ನಾಲ್ಕು ಸ್ಕ್ರೂಗಳಿಂದ ಬಿಗಿದರು. ಕುತ್ತಿಗೆ ಕೆಟ್ಟರೆ ಬೇರೊಂದನ್ನು ಹಾಕಿದರಾಯಿತು. ಆದರೆ ಇಂಥ ವಾದ್ಯದ ಯೋಗ್ಯತೆಯೆಲ್ಲ ಆ ಕೀಲಿನ ಬಿಗಿಯಲ್ಲಿದೆ. ಕೊಳ್ಳುವವರು ಬಣ್ಣಕ್ಕೆ ಮಾರುಹೋಗುವ ಮುನ್ನ ಕುತ್ತಿಗೆಯ ಎರಡೂ ಬದಿಯಲ್ಲಿ ಬಿರುಕು ಕಾಣುತ್ತದೆಯೇ, ಕುತ್ತಿಗೆಯನ್ನು ಪಕ್ಕಕ್ಕೆ ಮೆಲ್ಲನೆ ಒತ್ತಿದರೆ ಅಲುಗುತ್ತದೆಯೇ ಎಂದು ನೋಡಬೇಕು. ಅಂಚಿನುದ್ದಕ್ಕೂ ಅಂಗೈ ಜಾರಿಸಿದಾಗ ಫ್ರೆಟ್‌ಗಳ ತುದಿ ಚುಚ್ಚಬಾರದು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿ ಹಿಡಿದರೆ ನಡುವೆ ಕೂದಲೆಳೆಯಷ್ಟು ಅಂತರ ಉಳಿಯಬೇಕು. ಅದು ತುಸು ಹೆಚ್ಚುಕಡಿಮೆಯಿದ್ದರೆ ಕುತ್ತಿಗೆಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು; ಕುತ್ತಿಗೆಯೇ ತಿರುಚಿಕೊಂಡಿದ್ದರೆ ಅಂಥ ವಾದ್ಯವನ್ನು ಬಿಟ್ಟುಬಿಡುವುದೇ ಲೇಸು.

ತಂತಿಗಳ ಕಂಪಿಸುವ ಉದ್ದ 34 ಅಂಗುಲ. ಇಷ್ಟುದ್ದದ ಕುತ್ತಿಗೆಯ ಭಾರಕ್ಕೆ ವಾದ್ಯ ತಲೆ ವಾಲದಿರಲೆಂದು ಒಡಲಿನ ಮೇಲ್ಕೊಂಬನ್ನು ಮುಂದಕ್ಕೆ ಚಾಚಲಾಯಿತು. ಭುಜಕ್ಕೆ ಪಟ್ಟಿ ತೊಟ್ಟು ನಿಂತು ಎಡಗೈ ಬಿಟ್ಟರೆ ಆ ಸಮತೋಲ ಇದೆಯೋ ಇಲ್ಲವೋ ಕ್ಷಣದಲ್ಲಿ ತಿಳಿಯುತ್ತದೆ. ಮೊದಲ ಮಾದರಿಯ ಒಡಲು ಹಲಗೆಯಂತೆ ಚಪ್ಪಟೆಯಾಗಿದ್ದು ಅದರ ಅಂಚು ಪಕ್ಕೆಲುಬಿಗೆ ಒತ್ತುತ್ತಿತ್ತು. 1954ರಲ್ಲಿ ಅಂಚುಗಳನ್ನು ಮೈಗೆ ಒಗ್ಗುವಂತೆ ಕೆತ್ತಲಾಯಿತು. 1957ರಲ್ಲಿ ಪಿಕಪ್ಪನ್ನು ಎರಡು ತುಂಡಾಗಿಸಿ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಅಡಗಿಸಿದರು. 1960ರಲ್ಲಿ ಬಂದ ಜಾಝ್ ಬೇಸ್‌ನ ಕುತ್ತಿಗೆ ತುದಿಯಲ್ಲಿ ಒಂದೂವರೆ ಅಂಗುಲ ಅಗಲ; ಪ್ರಿಸಿಷನ್‌ನದು ಒಂದೂಮುಕ್ಕಾಲು. ಕಾಲು ಅಂಗುಲದ ಈ ಅಂತರ ಕಾಗದದ ಮೇಲೆ ಕ್ಷುಲ್ಲಕವೆನಿಸಬಹುದು, ಹಿಡಿದಾಗ ಅವು ಬೇರೆ ಬೇರೆ ವಾದ್ಯಗಳೇ ಸರಿ. ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್‌ಸನ್ 1962ರ ಪ್ರಿಸಿಷನ್‌ಗೆ ದಪ್ಪ ತಂತಿ ಕಟ್ಟಿ ಎತ್ತರಿಸಿಕೊಂಡು ನುಡಿಸಿದರು. ಜಾಕೋ ಪಾಸ್ಟೋರಿಯಸ್ ಜಾಝ್ ಬೇಸ್‌ನ ಫ್ರೆಟ್‌ಗಳಿಲ್ಲದ ಕುತ್ತಿಗೆಯ ಮೇಲೆ ಹೆಸರು ಗಳಿಸಿದರು. ಒಬ್ಬರ ಕೈಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದೇನೂ ಇಲ್ಲ.

ಅನಾರೋಗ್ಯಕ್ಕೆ ಅಂಜಿದ ಫೆಂಡರ್ 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರ್‌ಗೆ ಮಾರಿದರು. ಕೆಲಕಾಲದಲ್ಲೇ ಅವರ ಕಾಯಿಲೆ ವಾಸಿಯಾಯಿತು, ಕಂಪನಿ ಮಾತ್ರ ಕೈಬಿಟ್ಟಿತ್ತು. ಹೆಸರು ಅದೇ ಇದ್ದರೂ 1970ರ ದಶಕದ ಹಲವು ವಾದ್ಯಗಳಲ್ಲಿ ಕುತ್ತಿಗೆಯ ಗುಳಿ ಸಡಿಲವಾಗಿತ್ತು, ಒಡಲು ಭಾರವಾಗಿತ್ತು. ವಾದ್ಯಗಾರರು ಸಿಬಿಎಸ್‌ಗೆ ಮುನ್ನಿನ ವಾದ್ಯಗಳನ್ನು ಹುಡುಕಿ ಹೆಚ್ಚು ಬೆಲೆ ತೆರತೊಡಗಿದರು. ಆಗಿನ ಮೂರು ಸ್ಕ್ರೂಗಳ ಕೀಲನ್ನು ಇಂದಿಗೂ ದೂರುವವರಿದ್ದಾರೆ. ಕುತ್ತಿಗೆಯ ಓರೆಯನ್ನು ಹೊಂದಿಸುವ ಆ ವ್ಯವಸ್ಥೆ ಫೆಂಡರ್ ಅವರದೇ ಕಲ್ಪನೆ. ಮುಂದೆ ತಮ್ಮ ಸ್ವಂತ ಕಾರ್ಖಾನೆಯಲ್ಲೂ ಅದನ್ನು ಬಳಸಿದರು. ದೋಷವಿದ್ದದ್ದು ಸ್ಕ್ರೂಗಳ ಲೆಕ್ಕದಲ್ಲಲ್ಲ, ಮರ ಕೊರೆಯುವಾಗಿನ ಅಜಾಗ್ರತೆಯಲ್ಲಿ.

ಮ್ಯೂಸಿಕ್ ಮ್ಯಾನ್ ಕಂಪನಿಯಲ್ಲಿದ್ದಾಗ ಅವರು ರೂಪಿಸಿದ ಸ್ಟಿಂಗ್‌ರೇ ಬೇಸ್ 1976ರಲ್ಲಿ ಬಂತು. ಬ್ಯಾಟರಿಯಿಂದ ನಡೆಯುವ ಪ್ರಿಆಂಪ್ ಅದರ ಒಡಲಿನಲ್ಲೇ ಇತ್ತು. ಮುಂದೆ ಹಳೆಯ ಸಹೋದ್ಯೋಗಿ ಜಾರ್ಜ್ ಫುಲ್ಲರ್ಟನ್ ಜತೆಗೂಡಿ ಜಿ ಆ್ಯಂಡ್ ಎಲ್ ಎಂಬ ಕಂಪನಿ ಕಟ್ಟಿ, 1980ರಲ್ಲಿ ಮತ್ತೆ ಹೊಸ ಬೇಸ್‌ಗಳನ್ನು ತಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಪಾರ್ಕಿನ್ಸನ್ ಕಾಯಿಲೆ ಕೈಗಳನ್ನು ನಡುಗಿಸುತ್ತಿದ್ದರೂ ಕಾರ್ಖಾನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. 1991ರ ಮಾರ್ಚ್ 21ರಂದು, 81ನೇ ವಯಸ್ಸಿನಲ್ಲಿ ಅವರು ಫುಲ್ಲರ್ಟನ್‌ನಲ್ಲಿ ನಿಧನರಾದರು. ಮರುವರ್ಷ ಅವರ ಹೆಸರು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿತು.