ಎರಡು ಕಾಲೇಜಲ್ಲಿ ಫೇಲ್, ಒಂದು ಸಾಲು ಸಂಖ್ಯೆಗೆ ಡಿಗ್ರಿ

ರಾಮಾನುಜನ್ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು 1729 ಮತ್ತು ಆ ಟ್ಯಾಕ್ಸಿ. ಆದರೆ ಅವರಿಗೆ ಡಿಗ್ರಿ ಕೊಡಿಸಿದ್ದು ಆ ಸಂಖ್ಯೆ ಅಲ್ಲ. ನಮ್ಮ ಗಡಿಯಾರದಲ್ಲೇ ಕೂತಿರುವ 12, 24, 60ರ ಬಳಗ.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಕುಂಭಕೋಣಂನಲ್ಲಿ. ಸ್ಕಾಲರ್‌ಶಿಪ್ ಮೇಲೆ ಅಲ್ಲಿನ ಸರ್ಕಾರಿ ಕಾಲೇಜು ಸೇರಿದರು. ಗಣಿತ ಬಿಟ್ಟು ಬೇರೆ ಯಾವುದೂ ತಲೆಗೆ ಹತ್ತಲಿಲ್ಲ. ಫೇಲಾದರು, ಸ್ಕಾಲರ್‌ಶಿಪ್ಪೂ ಹೋಯಿತು. ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲೂ ಅದೇ ಕಥೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಕ್‌ಲಾಗ್ ಕ್ಲಿಯರ್ ಆಗಲೇ ಇಲ್ಲ. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಗಿರಿ. 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಗೆ ಪತ್ರ ಬರೆದರು, 1914ರಲ್ಲಿ ಹಡಗು ಹತ್ತಿದರು.

ಮರುವರ್ಷವೇ 'ಹೈಲಿ ಕಾಂಪೊಸಿಟ್ ನಂಬರ್ಸ್' ಎಂಬ ಉದ್ದನೆಯ ಪೇಪರ್ ಅಚ್ಚಾಯಿತು. ವಿಷಯ ಸರಳ: ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆ. 1, 2, 4, 6, 12, 24, 36, 48, 60, 120... ಹೀಗೆ ಸಾಲು ಹೋಗುತ್ತದೆ. 60ಕ್ಕೆ 12 ಭಾಜಕಗಳಿವೆ. ಅದಕ್ಕಿಂತ ಚಿಕ್ಕದಾದ ಯಾವುದಕ್ಕೂ ಅಷ್ಟಿಲ್ಲ. ವೃತ್ತದ 360 ಡಿಗ್ರಿಯೂ ಇದೇ ಸಾಲಿನದು.

ಗುಟ್ಟು ಇರುವುದು ಅಪವರ್ತನದಲ್ಲಿ. 2×7 = 14ಕ್ಕೂ 2×3 = 6ಕ್ಕೂ ನಾಲ್ಕೇ ಭಾಜಕ. ಅಂದಮೇಲೆ 3, 5ನ್ನು ಬಿಟ್ಟು 7ಕ್ಕೆ ಹಾರಿದರೆ ಸಂಖ್ಯೆ ಸುಮ್ಮನೆ ದೊಡ್ಡದಾಗುತ್ತದೆ, ಲಾಭವಿಲ್ಲ. ಆದ್ದರಿಂದ ಅವಿಭಾಜ್ಯಗಳು 2ರಿಂದ ಸಾಲಾಗಿ ಬರಬೇಕು, ಘಾತಗಳು ಮೆಟ್ಟಿಲಿನಂತೆ ಇಳಿಯಬೇಕು, ಏರುವಂತಿಲ್ಲ. ಕೊನೆಯ ಅವಿಭಾಜ್ಯದ ಘಾತ ಯಾವಾಗಲೂ 1 ಎಂದು ಅವರು ಸಾಧಿಸಿದರು. 4 ಮತ್ತು 36 ಮಾತ್ರ ಅಪವಾದ.

ಕ್ಯಾಲ್ಕುಲೇಟರ್ ಇಲ್ಲದೆ 67,46,32,83,88,800ರವರೆಗೆ 102 ಸಂಖ್ಯೆಗಳನ್ನು ಪಟ್ಟಿ ಮಾಡಿದರು. ಕೈತಪ್ಪಿದ್ದು ಒಂದೇ: 2,93,31,86,25,600. ಅದರ ಭಾಜಕಗಳು 5040. ಆ 5040 ಕೂಡ ಇದೇ ಸಾಲಿನ ಸಂಖ್ಯೆ! ಡೌಟಿದ್ರೆ ಇವತ್ತೇ ಪೈಥಾನಿನಲ್ಲಿ ನೋಡಿ.

ಈ ಕೆಲಸಕ್ಕೇ 1916ರಲ್ಲಿ ಕೇಂಬ್ರಿಡ್ಜ್ ಬಿ.ಎ. ಕೊಟ್ಟಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅಷ್ಟರಲ್ಲಿ ಕಾಯಿಲೆ ಹಿಡಿದಿತ್ತು. 1919ರಲ್ಲಿ ಊರಿಗೆ ಮರಳಿದರು, 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ವಯಸ್ಸು ಬರೀ 32.

ಯುದ್ಧಕಾಲದಲ್ಲಿ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಹಣದ ಮುಗ್ಗಟ್ಟಿದ್ದರಿಂದ ಆ ಪೇಪರಿನ ಒಂದು ಭಾಗ ಅಚ್ಚಾಗದೆ ಉಳಿದಿತ್ತು. ಅದು ಬೆಳಕು ಕಂಡದ್ದು 1997ರಲ್ಲಿ. ಅಲ್ಲಿಗೆ ಅವರು ಹೋಗಿ 77 ವರ್ಷ. ಮಾರ್ಕ್ಸ್‌ಕಾರ್ಡ್ ನೋಡಿ ಮುಖ ಸಣ್ಣ ಮಾಡಿಕೊಂಡ ಗೆಳೆಯರಿಗೆ ನಾವು ಹೇಳಬಹುದಾದ ಕಥೆ ಇದು. ಆದರೆ ಒಂದು ಮಾತು ಸೇರಿಸಿಯೇ ಹೇಳೋಣ: ಅವರು ಫೇಲಾದ ಮೇಲೂ ಲೆಕ್ಕ ಮಾಡೋದು ನಿಲ್ಲಿಸಲಿಲ್ಲ.