ನಂಜನಗೂಡು ತಿರುಮಲಾಂಬ ಮತ್ತು ಅವರ ತಂದೆ



ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತು ನಿಜವಾಗಿಯೂ ನಡೆದುಹೋದ ಒಂದು ಮನೆ ಇತ್ತು. ಹೊಸಗನ್ನಡದ ಮೊದಲ ಲೇಖಕಿ ಎಂದು ಹೆಸರಾದ ನಂಜನಗೂಡು ತಿರುಮಲಾಂಬ ಅವರ ಮನೆ ಅದು. ಅವರ ಜೀವನದಲ್ಲಿ ಅವರ ಅಪ್ಪನ ಪಾಲೂ ಬಹಳ ಇದೆ. ಹಾಗಾಗಿ ಇಬ್ಬರ ವಿಷಯವನ್ನೂ ಕೂಡಿಸಿ ಬರೆದಿದ್ದೇನೆ.

ತಿರುಮಲಾಂಬ ಹುಟ್ಟಿದ್ದು 1887ರ ಮಾರ್ಚ್ 25ರಂದು, ಮೈಸೂರಿನ ಹತ್ತಿರದ ನಂಜನಗೂಡಿನಲ್ಲಿ. ಕಪಿಲಾ ನದಿಯ ದಂಡೆಯ ಮೇಲೆ ನಂಜುಂಡೇಶ್ವರನ ದೊಡ್ಡ ಗುಡಿ ಇರುವ ಊರು ಅದು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ತಾಯಿ ಅಲಮೇಲಮ್ಮ.

ಆಗಿನ ಕಾಲದಲ್ಲಿ ಹೆಣ್ಣುಮಕ್ಕಳ ಮದುವೆಯನ್ನು ಆಟ ಆಡುವ ವಯಸ್ಸಿಗೇ ಮಾಡಿಬಿಡುತ್ತಿದ್ದರು. ಮೈಸೂರು ಸಂಸ್ಥಾನ 1894ರಲ್ಲಿ ಒಂದು ಕಾಯ್ದೆ ತಂದಿತ್ತು. ಅದು 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ಬೇಡ ಅಂದಿತ್ತು. ತಿರುಮಲಾಂಬ ಅವರ ಮದುವೆ ಆದದ್ದು 10ನೇ ವಯಸ್ಸಿಗೆ. ಅಂದರೆ ಕಾಯ್ದೆಯ ಪ್ರಕಾರ ಅದು ತಪ್ಪಲ್ಲ, ಪದ್ಧತಿಯ ಪ್ರಕಾರವೂ ತಪ್ಪಲ್ಲ. ಕಾಯ್ದೆ ಓದಿದ ವಕೀಲರೂ ಊರವರೆಲ್ಲ ಮಾಡಿದಂತೆಯೇ ಮಾಡಿದ್ದರು. ಮಗಳಿಗೆ 14 ವರ್ಷ ಆದಾಗ ಅವಳ ಗಂಡ ತೀರಿಹೋದರು.

ನಮ್ಮಲ್ಲಿ ಎಂಟನೇ, ಒಂಬತ್ತನೇ ತರಗತಿ ಓದುವವರ ವಯಸ್ಸು 14. ಆ ವಯಸ್ಸಿಗೆ ವಿಧವೆಯಾದ ಹುಡುಗಿಗೆ ಆಗ ಏನಿತ್ತು? ಹಬ್ಬವಿಲ್ಲ, ಹೂವಿಲ್ಲ, ಹೊರಗೆ ಹೋಗುವಂತಿಲ್ಲ. ಅಡಿಗೆಮನೆಯ ಮೂಲೆಯಲ್ಲೇ ಆಯುಷ್ಯ ಕಳೆಯಬೇಕು. ಎದುರಿಗೆ ಬಂದರೆ ಅಪಶಕುನ ಅನ್ನುತ್ತಿದ್ದರು. ಓದಿಸುವ ಮಾತಂತೂ ದೂರವೇ ಉಳಿಯಿತು.

ವೆಂಕಟಕೃಷ್ಣ ಅಯ್ಯಂಗಾರ್ಯರು ಮಗಳನ್ನು ಆ ಮೂಲೆಗೆ ಬಿಡಲಿಲ್ಲ. ಓದಲು ಕೂರಿಸಿದರು. ಪುಸ್ತಕ ಒದಗಿಸಿದರು. ಕನ್ನಡದ ಜೊತೆಗೆ ತಮಿಳು, ತೆಲುಗು ಪುಸ್ತಕಗಳನ್ನೂ ಮಗಳು ಓದಿದಳು. ಓದುತ್ತಾ ಓದುತ್ತಾ ಬರೆಯತೊಡಗಿದಳು. ಅಪ್ಪ ಬೇಡ ಅನ್ನಲಿಲ್ಲ, ಬೆನ್ನಿಗೆ ನಿಂತರು. ಜನ ಏನಂತಾರೋ ಎಂಬ ಅಂಜಿಕೆ ಯಾವ ಅಪ್ಪನಿಗೆ ಇರೋದಿಲ್ಲ? ಊರಿನಲ್ಲಿ ನಾಲ್ಕು ಜನ ಮರ್ಯಾದೆ ಕೊಡುವ ವಕೀಲರಿಗೆ ಇನ್ನೂ ಹೆಚ್ಚು. ಆದರೂ ಅವರು ಜನರ ಬಾಯಿಗಿಂತ ಮಗಳ ಬಾಳು ದೊಡ್ಡದು ಎಂಬಂತೆ ನಡೆದುಕೊಂಡರು.

ಕಲಿತ ತಿರುಮಲಾಂಬ ಸುಮ್ಮನೆ ಕೂರಲಿಲ್ಲ. ನೆರೆಹೊರೆಯ ಹೆಣ್ಣುಮಕ್ಕಳನ್ನು ಮನೆಗೆ ಕರೆದು ಪಾಠ ಹೇಳತೊಡಗಿದರು. ಶಾಲೆ ತೆರೆದಂತೆ ಆದದ್ದು ಹೀಗೆ. 1913ರಲ್ಲಿ ಸತೀಹಿತೈಷಿಣಿ ಎಂಬ ಗ್ರಂಥಮಾಲೆ ಶುರುಮಾಡಿದರು. ಅದರಲ್ಲಿ ಬಂದ ಸುಶೀಲೆ ಎಂಬ ಕಾದಂಬರಿ ಜನರಿಗೆ ಬಹಳ ಹಿಡಿಸಿ, ಮತ್ತೆ ಮತ್ತೆ ಅಚ್ಚಾಯಿತು. ಆಮೇಲೆ ಕರ್ನಾಟಕ ನಂದಿನಿ ಎಂಬ ಮಾಸಪತ್ರಿಕೆಯನ್ನು ಹೆಂಗಸರಿಗಾಗಿ ನಡೆಸಿದರು. ಸನ್ಮಾರ್ಗದರ್ಶಿ ಎಂಬ ಪತ್ರಿಕೆಯನ್ನೂ ತಂದರು. ಕಾದಂಬರಿ, ನಾಟಕ, ಕತೆ, ಪ್ರಬಂಧ ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರೆದರು. ಬರೆಯುವವರೂ ಅವರೇ, ತಿದ್ದುವವರೂ ಅವರೇ, ಪ್ರಕಟಿಸುವವರೂ ಅವರೇ. ನಾವು ಈ ಒಂದು ಗೋಡೆ ಪತ್ರಿಕೆ ತರೋಕೇ ಎಷ್ಟು ಒದ್ದಾಡ್ತೀವಿ ನೋಡಿ!

ಅವರ ಪುಸ್ತಕಗಳಲ್ಲಿ ಪತಿವ್ರತೆ, ಸಂಸಾರದ ಧರ್ಮ ಇವೇ ಹೆಚ್ಚು. ಈಗಿನವರಿಗೆ ಅವು ಹಳೇ ಮಾತು ಅನ್ನಿಸಬಹುದು. ಆದರೆ ಹೆಂಗಸರಿಗೆ ಅಕ್ಷರವೇ ಬೇಡ ಅನ್ನುತ್ತಿದ್ದ ಕಾಲದಲ್ಲಿ, ಒಬ್ಬ ಬಾಲವಿಧವೆ ತನ್ನ ಹೆಸರು ಹಾಕಿ ಪುಸ್ತಕ ಅಚ್ಚು ಹಾಕಿಸಿದ್ದೇ ದೊಡ್ಡ ಉತ್ತರ.

ಮುಂದೆ ಅವರು ಬರೆಯುವುದನ್ನು ನಿಲ್ಲಿಸಿ ಮದ್ರಾಸಿನಲ್ಲಿ ನೆಲೆಸಿದರು. ಕನ್ನಡ ನಾಡು ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. 1982ರಲ್ಲಿ, 95 ವರ್ಷ ತುಂಬಿದ ಮೇಲೆ ತೀರಿಕೊಂಡರು. ಬೆಂಗಳೂರಿನ ಶಾಶ್ವತಿ ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತಾ ಬಂದಿದೆ.

ಈಗ ಅವರ ಅಪ್ಪನ ವಿಷಯಕ್ಕೆ ಬರೋಣ. ಮಗಳ ಮದುವೆ ಮಾಡಿಬಿಟ್ಟರೆ ತಲೆಮೇಲಿನ ಭಾರ ಇಳೀತು ಎಂದು ನಮ್ಮ ಕೂಡ್ಲಿಗಿ ಸೀಮೆಯಲ್ಲೂ ಅನ್ನುತ್ತಾರೆ. ಆ ವಕೀಲರ ಮನೆಯಲ್ಲಿ ಭಾರ ಇಳಿಯಲಿಲ್ಲ, ನಾಲ್ಕೇ ವರ್ಷದಲ್ಲಿ ದುಃಖವಾಗಿ ತಿರುಗಿ ಬಂತು. ಮಗಳನ್ನು ಕೊನೆಗೆ ಕಾಯ್ದದ್ದು ಅವಳು ಕಲಿತ ವಿದ್ಯೆಯೇ. ಆ ಅಪ್ಪ ಇದನ್ನು ಯಾವ ಕಾಯ್ದೆ ಪುಸ್ತಕದಿಂದಲೂ ಕಲಿತದ್ದಲ್ಲ. ಅದಕ್ಕೆ ಬೆಲೆ ಕೊಟ್ಟವಳು ಮಾತ್ರ ಮಗಳು. ನಮ್ಮ ಅಪ್ಪಂದಿರು ಅದನ್ನು ಬೆಲೆ ಕೊಡದೇ, ಇನ್ನೊಬ್ಬರ ಮನೆ ನೋಡಿಯೇ ಕಲಿಯಬಹುದಲ್ಲ?

ಈಗ ಕಾಯ್ದೆಯಲ್ಲಿ ಹುಡುಗಿಯ ಮದುವೆಗೆ 18 ವರ್ಷ ತುಂಬಿರಬೇಕು. ಏಳನೇ ತರಗತಿಗೆ ಬಿಡಿಸಿದರು, ಹತ್ತನೇ ತರಗತಿ ಆಯ್ತು ಸಾಕು ಅಂದರು ಎಂಬ ಮಾತು ನಿಮ್ಮ ಗೆಳತಿಯ ಮನೆಯಲ್ಲಿ ಕೇಳಿದರೆ ಸುಮ್ಮನಿರಬೇಡಿ. ಗುರುಗಳಿಗೆ ತಿಳಿಸಿ. 1098ಕ್ಕೆ ಫೋನ್ ಮಾಡಿದರೂ ಆಗುತ್ತದೆ, ದುಡ್ಡು ಬೀಳುವುದಿಲ್ಲ. ಓದು ಬಾರದ ಅಪ್ಪಂದಿರಿಗೆ ಈ ಬರಹವನ್ನು ಓದಿ ಹೇಳಿ.